ಅಪ್ಪ ಅಮ್ಮನ ಕಾರ್ಡ್‌ಲೆಸ್ ಫೋನ್ ಮಾತಿನ ಮಧ್ಯೆ ಆಫ್ ಆಗುತ್ತಿದೆ, ಏನು ಮಾಡಲಿ?

ರಾಜಾಜಿನಗರದ ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವುದು, ಕಾರ್ಡ್‌ಲೆಸ್ ಫೋನು ಮಾತಿನ ಮಧ್ಯೆ ಆಫ್ ಆಗುತ್ತದೆ, ಹೊಸದು ಕೊಳ್ಳಲೇ, ಗುಡುಗು ಮಳೆಯಲ್ಲಿ ಬಳಸಬಹುದೇ ಎಂದು ಕೇಳಿದ್ದೀರಿ. ಹೊಸದು ಈಗಲೇ ಕೊಳ್ಳಬೇಡಿ. ಮೊದಲು ಸೆಲ್ಲು ಬದಲಿಸಿ ನೋಡಿ. ನಮ್ಮ ಮನೆಯಲ್ಲಿ ಅತ್ತೆಯವರು ದಿನವಿಡೀ ಇದನ್ನೇ ಬಳಸುತ್ತಾರೆ, ಮೊದಲು ಸೋಲುವುದು ಸೆಲ್ಲೇ.

ಹ್ಯಾಂಡ್‌ಸೆಟ್ಟಿನ ಹಿಂದಿನ ಮುಚ್ಚಳ ತೆಗೆಯಿರಿ. ಬಹಳಷ್ಟು ಮಾದರಿಗಳಲ್ಲಿ ಎಎಎ ಅಳತೆಯ ಎರಡು ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲುಗಳಿರುತ್ತವೆ. ಒಂದೊಂದೂ 1.2 ವೋಲ್ಟ್, ರೀಚಾರ್ಜ್ ಆಗುವಂಥವು. ನೋಡೋಕೆ ಟಿವಿ ರಿಮೋಟಿನ ಸೆಲ್ಲಿನ ಥರಾನೇ ಇರುತ್ತವೆ. ಅಪಾಯ ಇರುವುದು ಇಲ್ಲೇ. ಪಕ್ಕದ ಅಂಗಡಿಯಿಂದ 1.5 ವೋಲ್ಟಿನ ಮಾಮೂಲಿ ಸೆಲ್ಲು ತಂದು ಹಾಕಿ ಬೇಸ್ (ಹ್ಯಾಂಡ್‌ಸೆಟ್ ಕೂರಿಸಿ ಚಾರ್ಜ್ ಮಾಡುವ, ಲೈನಿಗೆ ಸೇರಿದ ಪೆಟ್ಟಿಗೆ) ಮೇಲೆ ಇಟ್ಟರೆ, ಚಾರ್ಜ್ ಮಾಡಬಾರದ ಸೆಲ್ಲಿಗೆ ಚಾರ್ಜ್ ಹೋಗುತ್ತದೆ. ಅದು ಬಿಸಿಯಾಗಿ ಸೋರಬಹುದು, ಒಡೆಯಲೂಬಹುದು. ಇದನ್ನು ಅಪ್ಪನಿಗೆ ಬಿಡಿಸಿ ಹೇಳಿ. ಸರಿಯಾದ ಸೆಲ್ಲು ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್.ಪಿ. ರೋಡಿನಲ್ಲಿ ಸಿಗುತ್ತದೆ. ಹಳೆಯದರ ಮೇಲೆ ಬರೆದಿರುವುದನ್ನು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು ಹೋಗಿ. ಎರಡನ್ನೂ ಒಟ್ಟಿಗೇ ಬದಲಿಸಿ, ಹೊಸದರ ಜೊತೆ ಹಳೆಯದನ್ನು ಬೆರೆಸಬೇಡಿ. ಮೊದಲ ಸಲ ಪುಸ್ತಕದಲ್ಲಿ ಹೇಳಿದಷ್ಟು ಗಂಟೆ ಬಿಡದೆ ಚಾರ್ಜ್ ಮಾಡಿ.

ಹೊಸ ಸೆಲ್ಲು ಹಾಕಿದರೂ ಚಾರ್ಜ್ ನಿಲ್ಲದಿದ್ದರೆ ಬೇಸ್ ಮೇಲಿನ ಎರಡು ಲೋಹದ ಪಿನ್ನು ನೋಡಿ. ಅಡುಗೆಮನೆಯ ಎಣ್ಣೆ ಕೈ, ರಸ್ತೆ ಧೂಳು ಸೇರಿ ಅಲ್ಲಿ ತೆಳ್ಳಗೆ ಜಿಡ್ಡು ಕೂತಿರುತ್ತದೆ. ಅಡಾಪ್ಟರ್ ಕಿತ್ತು, ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಅಡಾಪ್ಟರ್ ಅಂತೂ ಫೋನಿನ ಜೊತೆ ಬಂದಿದ್ದೇ ಇರಲಿ. ಸ್ವಲ್ಪ ಬೆಚ್ಚಗಿರುವುದು ಸಹಜ. ಮುಟ್ಟಲಾಗದಷ್ಟು ಬಿಸಿಯಾದರೆ ಅಥವಾ ಸುಟ್ಟ ವಾಸನೆ ಬಂದರೆ ಆ ಸಾಕೆಟ್ಟಿನ ಸ್ವಿಚ್ ಆರಿಸಿ, ಮತ್ತೆ ಬಳಸಬೇಡಿ.

ಬೇಸನ್ನು ಸ್ಟೀಲ್ ಬೀರು, ಫ್ರಿಜ್, ವೈಫೈ ಬಾಕ್ಸಿನ ಪಕ್ಕ ಇಡಬೇಡಿ, ಕರಕರ ಸದ್ದು ಬರಬಹುದು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಕರೆಂಟ್ ಹೋದರೆ ಬೇಸ್ ಸುಮ್ಮನಾಗುತ್ತದೆ. ಹ್ಯಾಂಡ್‌ಸೆಟ್ಟಿನಲ್ಲಿ ಪೂರ್ತಿ ಚಾರ್ಜ್ ಇದ್ದರೂ ಕರೆ ಹೋಗುವುದಿಲ್ಲ, ಬರುವುದೂ ಇಲ್ಲ. ಕತ್ತಲಲ್ಲಿ ಯಾರಾದರೂ ಬಿದ್ದರೆ 108ಕ್ಕೋ 112ಕ್ಕೋ ಫೋನ್ ಮಾಡಬೇಕಾಗುವುದು ಇಂಥ ಹೊತ್ತಲ್ಲೇ ಅಲ್ವಾ? ಹಾಗಾಗಿ ಹಳೆಯ ವೈರ್ ಫೋನನ್ನು ಎಸೆಯಬೇಡಿ, ಅದೇ ಲೈನಿಗೆ ಸೇರಿಸಿ ಹಾಸಿಗೆಯ ಹತ್ತಿರ ಇಡಿ. ತಾಮ್ರದ ಲೈನ್ ಆಗಿದ್ದರೆ ಎಕ್ಸ್‌ಚೇಂಜಿನಿಂದಲೇ ಫೋನಿಗೆ ಕರೆಂಟ್ ಬರುತ್ತದೆ, ಮನೆಯಲ್ಲಿ ಹೋದರೂ ಅದು ಕೆಲಸ ಮಾಡುತ್ತದೆ. ಫೈಬರ್ ಆಗಿದ್ದರೆ ಕಥೆ ಬೇರೆ. ಫೋನ್ ಸೇರಿಸುವ ಫೈಬರ್ ಬಾಕ್ಸಿಗೇ ಕರೆಂಟ್ ಬೇಕು, ಅದು ಆರಿದರೆ ವೈರ್ ಫೋನೂ ಸತ್ತಂತೆ. ಬಾಕ್ಸಿನ ಅಡಾಪ್ಟರಿನ ವೋಲ್ಟ್ ನೋಡಿ, ಅದಕ್ಕೆ ಹೊಂದುವ ಸಣ್ಣ ಯುಪಿಎಸ್ (ಕರೆಂಟ್ ಹೋದಾಗ ಬ್ಯಾಟರಿಯಿಂದ ನಡೆಸುವ ಪೆಟ್ಟಿಗೆ) ಹಾಕಿಸಿ. ಖರ್ಚು ಮಾಡುವುದಾದರೆ ಹೊಸ ಫೋನಿಗಿಂತ ಇದಕ್ಕೇ ಮಾಡಿ.

ಇನ್ನು ಗುಡುಗು. ಬೆಂಗಳೂರಿನ ಏಪ್ರಿಲ್, ಮೇ ಸಂಜೆಗಳು ನಿಮಗೆ ಗೊತ್ತೇ ಇದೆ. ಕಾರ್ಡ್‌ಲೆಸ್ ಹ್ಯಾಂಡ್‌ಸೆಟ್ಟಿಗೆ ವೈರ್ ಇಲ್ಲ, ಹಾಗಾಗಿ ಮನೆಯೊಳಗೆ ಅದರಲ್ಲಿ ಮಾತಾಡಬಹುದು. ಬೇಸನ್ನು ಮಾತ್ರ ಮುಟ್ಟಬೇಡಿ. ಮಿಂಚುವಾಗ ವೈರ್ ಫೋನ್ ಹಿಡಿಯಲೇಬಾರದು, ಸಿಡಿಲಿನ ಹೊಡೆತ ತಂತಿಯಲ್ಲೇ ಹರಿದು ಬರುತ್ತದೆ. ಬೇಸ್ ಸುಡದಿರಲಿ ಎಂದರೆ ಮೋಡ ಕಟ್ಟುವಾಗಲೇ ಅಡಾಪ್ಟರ್, ಟೆಲಿಫೋನ್ ವೈರ್ ಎರಡನ್ನೂ ಕಿತ್ತಿಡಿ. ಮಿಂಚು ಶುರುವಾದ ಮೇಲೆ ಕೀಳಲು ಹೋಗಬೇಡಿ ಎಂದು ಅಮ್ಮನಿಗೆ ಖಂಡಿತ ಹೇಳಿ. ಬೇಸ್ ಹೋದರೆ ಹೋಗಲಿ.

ಗ್ಯಾಸ್ ವಾಸನೆ ಬಂದಾಗಲೂ ಅಷ್ಟೇ, ಮನೆಯೊಳಗಿಂದ ಯಾವ ಫೋನಿನಲ್ಲೂ ಕರೆ ಮಾಡಬಾರದು. ಸ್ವಿಚ್ಚನ್ನೂ ಮುಟ್ಟದೆ ಹೊರಗೆ ಬಂದು ಪಕ್ಕದ ಮನೆಯಿಂದ ಮಾಡಲಿ. ಇಬ್ಬರಲ್ಲಿ ಯಾರಿಗಾದರೂ ಪೇಸ್‌ಮೇಕರ್ ಇದ್ದರೆ ಹ್ಯಾಂಡ್‌ಸೆಟ್ಟನ್ನು ಅಂಗಿಯ ಜೇಬಿನಲ್ಲಿ ಇಟ್ಟುಕೊಳ್ಳುವುದು ಬೇಡ, ಡಾಕ್ಟರನ್ನೂ ಒಮ್ಮೆ ಕೇಳಿ.

ಬದಲಿಸಿದ ಹಳೆ ಸೆಲ್ಲನ್ನು ಹಸಿ ಕಸಕ್ಕೂ ಒಣ ಕಸಕ್ಕೂ ಹಾಕಬೇಡಿ, ಇ-ಕಸ ತೆಗೆದುಕೊಳ್ಳುವ ಕಡೆ ಕೊಡಿ. ಈ ವಾರ ಮನೆಗೆ ಹೋದಾಗ ಲೈನ್ ತಾಮ್ರದ್ದೋ ಫೈಬರ್ರೋ ನೋಡಿ ಇಲ್ಲೇ ಬರೆಯಿರಿ, ಯುಪಿಎಸ್ ಯಾವುದು ಬೇಕೆಂದು ಹೇಳುತ್ತೇನೆ.