ಆಶ್ರಯಧಾಮದವರು ಪ್ರಶ್ನೆ ಕೇಳಲೇಬೇಕು

ಪ್ರಾಣಿ ಆಶ್ರಯಧಾಮದಿಂದ ನಾಯಿಯನ್ನು ದತ್ತು ಪಡೆಯುವ ಕುರಿತು ಕಳೆದ ಸಂಚಿಕೆಯಲ್ಲಿ ಪ್ರಕಟವಾದ ಲೇಖನವನ್ನು ಓದಿ ದಾವಣಗೆರೆಯ ನಿವೃತ್ತ ಬ್ಯಾಂಕ್ ನೌಕರರೊಬ್ಬರು ಪತ್ರ ಬರೆದಿದ್ದಾರೆ. ಮಗಳ ಒತ್ತಾಯಕ್ಕೆ ಮಣಿದು ಬೆಂಗಳೂರಿನ ಆಶ್ರಯಧಾಮವೊಂದಕ್ಕೆ ಹೋದರೆ, ಮನೆ ಸ್ವಂತದ್ದೋ ಬಾಡಿಗೆಯದೋ, ಹಗಲಿನಲ್ಲಿ ಮನೆಯಲ್ಲಿ ಯಾರಿರುತ್ತಾರೆ, ಪರಊರಿಗೆ ಹೋದಾಗ ನಾಯಿಯನ್ನು ಯಾರು ನೋಡಿಕೊಳ್ಳುತ್ತಾರೆ ಎಂದೆಲ್ಲ ವಿಚಾರಿಸಿ, ಮನೆ ನೋಡಲು ಬರುತ್ತೇವೆ ಎಂದರಂತೆ. ‘ಕಂತ್ರಿ ನಾಯಿಗೆ ಇಷ್ಟೊಂದು ವಿಚಾರಣೆಯೇ? ದುಡ್ಡು ಕೊಟ್ಟರೆ ಕಾಗದಪತ್ರ ಸಮೇತ ಲ್ಯಾಬ್ರಡಾರ್ ಮರಿ ಸಿಗುವಾಗ ಹಿಂದುಮುಂದು ತಿಳಿಯದ ನಾಯಿ ನಮಗೇಕೆ?’ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಮನೆಯಲ್ಲಿ ಮೊಮ್ಮಕ್ಕಳಿರುವಾಗ ನಾಯಿಯ ಪೂರ್ವೇತಿಹಾಸದ ಬಗ್ಗೆ ಅಂಜಿಕೆಯಾಗುವುದು ಸಹಜ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆ ಪ್ರಶ್ನೆಗಳನ್ನು ಅವಮಾನವೆಂದು ಭಾವಿಸಿದ್ದು ಸರಿಯಲ್ಲ. ಅರ್ಜಿದಾರನ ಮನೆ, ಆದಾಯ, ಜಾಮೀನು ಯಾವುದನ್ನೂ ನೋಡದೆ ತಾವು ಎಂದಾದರೂ ಸಾಲ ಮಂಜೂರು ಮಾಡಿದ್ದುಂಟೇ? ಸಾಲ ಮರಳದಿದ್ದರೆ ಬ್ಯಾಂಕಿಗೆ ನ್ಯಾಯಾಲಯವಾದರೂ ಇದೆ. ಇಲ್ಲಿ ಕಾನೂನು ಇದ್ದೂ ಇಲ್ಲವೆನ್ನುವಷ್ಟು ದುರ್ಬಲ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಸಕಾರಣವಿಲ್ಲದೆ ಪ್ರಾಣಿಯನ್ನು ಹಸಿವು ಬಾಯಾರಿಕೆಗಳಿಗೆ ತುತ್ತಾಗುವಂತೆ ಬಿಟ್ಟುಹೋಗುವುದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದವನಿಗೆ ದಂಡ 10ರಿಂದ 50 ರೂಪಾಯಿ. ಅರವತ್ತು ವರ್ಷಗಳ ಹಿಂದೆ ಆ ಮೊತ್ತಕ್ಕೆ ಬೆಲೆಯಿತ್ತು. ಇಂದು ಅದಕ್ಕೆ ಯಾರು ಹೆದರುತ್ತಾರೆ? ಬಿಟ್ಟುಹೋದ ಮೇಲೆ ಕಾನೂನು ಕೈಹಿಡಿಯುವುದಿಲ್ಲವೆಂದು ಬಲ್ಲ ಆಶ್ರಯಧಾಮದವರು, ನಾಯಿಯನ್ನು ಒಪ್ಪಿಸುವ ಮೊದಲೇ ಕೂಲಂಕಷವಾಗಿ ವಿಚಾರಿಸುತ್ತಾರೆ.

ಕಾಗದಪತ್ರಗಳ ವಿಷಯಕ್ಕೆ ಬರೋಣ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟದ ನಿಯಮಗಳಂತೆ ಮರಿ ಮಾರುವ ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ತಾವು ಮಾತುಕತೆ ನಡೆಸಿರುವ ವ್ಯಾಪಾರಿಯ ಬಳಿ ಆ ನೋಂದಣಿ ಇದೆಯೇ, ಮರಿಯ ತಾಯಿಯನ್ನು ಅವರು ತೋರಿಸುವರೇ ಎಂದು ದಯವಿಟ್ಟು ಕೇಳಿ ನೋಡಿ. ವಂಶಾವಳಿಯ ಪತ್ರ ತಂದೆತಾಯಿಯ ಹೆಸರನ್ನು ಹೇಳೀತು. ಲ್ಯಾಬ್ರಡಾರ್‌ಗಳಲ್ಲಿ ಹೆಚ್ಚಾಗಿ ಕಾಣುವ ಸೊಂಟದ ಕೀಲಿನ ದೋಷ ಆ ಮರಿಗೆ ಬರುವುದಿಲ್ಲವೆಂಬ ಭರವಸೆಯನ್ನು ಕೊಡದು. ಆಶ್ರಯಧಾಮದ ವಯಸ್ಕ ನಾಯಿಯಾದರೋ ಬೆಳೆದು ನಿಂತಿರುತ್ತದೆ. ಅದರ ಗಾತ್ರ, ಮಕ್ಕಳನ್ನು ಕಂಡರೆ ಹೇಗೆ ವರ್ತಿಸುತ್ತದೆ, ಯಾವ ಸದ್ದಿಗೆ ಬೆಚ್ಚುತ್ತದೆ ಎಂಬುದನ್ನು ಪ್ರತಿದಿನ ಅನ್ನ ಹಾಕುವವರು ಹೇಳಬಲ್ಲರು. ಹಿಂದುಮುಂದು ತಿಳಿಯದಿರುವುದು ನಿಜವಾಗಿ ಆ ಪುಟ್ಟ ಮರಿಯದು.

ನಾನು ಕಂಡ ಒಂದು ಕೆಂಚು ನಾಯಿಯನ್ನು ಇಲ್ಲಿ ನೆನೆಯಬೇಕು. ಸಂತಾನಹರಣ ಶಸ್ತ್ರಚಿಕಿತ್ಸೆಯ ಗುರುತಾಗಿ ಅದರ ಒಂದು ಕಿವಿಯ ತುದಿಯನ್ನು ಕತ್ತರಿಸಲಾಗಿತ್ತು. ನೋಡಲು ಬಂದವರೆಲ್ಲ ಮುಂದಿನ ಸಾಲಿನ ಬಿಳಿ ಮರಿಗಳತ್ತ ನಡೆದರೆ, ಅದು ಗೋಡೆಗೆ ಒತ್ತಿಕೊಂಡು ಕುಳಿತಿತ್ತು. ಅಲ್ಲಿನ ಸಿಬ್ಬಂದಿ ಅದನ್ನು ಕರೆಯಲಿಲ್ಲ. ಅದಕ್ಕೆ ಬೆನ್ನು ಮಾಡಿ ನೆಲದ ಮೇಲೆ ಸುಮ್ಮನೆ ಕುಳಿತರು. ಬಹಳ ಹೊತ್ತಿನ ನಂತರ ಅದು ತೆವಳುತ್ತ ಬಂದು ಅವರ ಅಂಗಿಯ ಚುಂಗನ್ನು ಮೂಸಿ, ಮೊಣಕೈ ಮೇಲೆ ಗದ್ದ ಇಟ್ಟಿತು. ಮೂರು ದಿನ ಹೆದರಿಕೆ, ಮೂರು ವಾರ ಒಗ್ಗಿಕೆ, ಮೂರು ತಿಂಗಳಿಗೆ ಮನೆಯವರಲ್ಲೊಬ್ಬ ಎಂದು ಈ ಕೆಲಸದಲ್ಲಿರುವವರು ಹೇಳುತ್ತಾರೆ. ಅಷ್ಟು ತಾಳ್ಮೆ ನಮ್ಮಲ್ಲಿಲ್ಲವೇ?

ಇದು ನಾಯಿಯ ನೆನಪಿಗೆ ಶಾಸನದ ಕಲ್ಲು ನಿಂತ ಆತಕೂರಿನ ನಾಡು. ಹತ್ತನೆಯ ಶತಮಾನದಲ್ಲಿ, ಮೆಚ್ಚಿದೆ, ಬೇಡಿಕೋ ಎಂದ ಒಡೆಯನಲ್ಲಿ ಮಣಲೇರನೆಂಬ ವೀರ ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಅದು ಹಂದಿಯೊಡನೆ ಸೆಣಸಿ ಮಡಿದಾಗ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಬೆಂಗಳೂರಿನಲ್ಲಿ ಇಂದು ಜಾಹೀರಾತಿನಲ್ಲಿ ಕಂಡ ಪಗ್, ಹಿಮದ ನಾಡಿನ ಹಸ್ಕಿಗಳನ್ನು ಸಾವಿರಾರು ರೂಪಾಯಿಗೆ ಕೊಂಡು, ವರ್ಗಾವಣೆಯಾದೊಡನೆ ರಸ್ತೆ ಬದಿಯಲ್ಲಿ ಇಳಿಸಿ ಹೋಗುವವರಿದ್ದಾರೆ. ಬೀದಿನಾಯಿಗಳ ಹಾವಳಿಯೆಂದು ಸಭೆಗಳಲ್ಲಿ ದನಿಯೇರಿಸುವವರು ಈ ಬಗ್ಗೆ ಏಕೆ ಮಾತನಾಡುವುದಿಲ್ಲ? ದೆಹಲಿಯ ನಾಯಿಗಳ ಕುರಿತು 2025ರ ಆಗಸ್ಟ್ 22ರಂದು ನೀಡಿದ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ, ಬೀದಿನಾಯಿಯನ್ನು ದತ್ತು ಪಡೆಯಲು ಪಾಲಿಕೆಗೆ ಅರ್ಜಿ ಸಲ್ಲಿಸಬಹುದೆಂದೂ, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಪಡೆದವರ ಹೊಣೆಯೆಂದೂ ಹೇಳಿದೆ.

ತಮ್ಮ ಮಗಳು ಆರಿಸಿದ ನಾಯಿ ಯಾವುದೆಂದು ಪತ್ರದಲ್ಲಿ ತಾವು ಬರೆದಿಲ್ಲ. ಆಕೆಯೊಡನೆ ಇನ್ನೊಮ್ಮೆ ಅಲ್ಲಿಗೆ ಹೋಗಿ, ಕೇಳಿದ್ದಕ್ಕೆಲ್ಲ ಉತ್ತರಿಸಿ, ಮನೆ ನೋಡಲು ಬಂದವರಿಗೆ ಕಾಫಿ ಕೊಟ್ಟು, ತಮ್ಮ ಕಡೆಯ ಪ್ರಶ್ನೆಗಳನ್ನೂ ಸಂಕೋಚವಿಲ್ಲದೆ ಕೇಳಿ: ರೇಬೀಸ್ ಲಸಿಕೆ ಯಾವಾಗ ಆಯಿತು, ಮುಂದಿನದು ಯಾವಾಗ, ನಾಯಿ ಏನನ್ನು ಕಂಡರೆ ಹೆದರುತ್ತದೆ.

— ಸಂಪಾದಕ