ನೀರಿನ ಸುರಕ್ಷತೆ ನೋಡುತ್ತಿದ್ದ ಮೈಕ್ರೋಬಯಾಲಜಿಸ್ಟ್ ಮನುಷ್ಯರ ಮೈಕ್ರೋಬಯೋಮ್ ಸಂಶೋಧನೆಗೆ ಹೋಗಬಹುದಾ?

ಖಂಡಿತ ಹೋಗಬಹುದು. ಯಾಕಂದ್ರೆ ಮೈಕ್ರೋಬಯೋಮ್ ಅಂದ್ರೆ ನಮ್ಮ ದೇಹದಲ್ಲಿ, ಅದರಲ್ಲೂ ಕರುಳಿನಲ್ಲಿ ಬದುಕುವ ಸೂಕ್ಷ್ಮಜೀವಿಗಳ ಸಮೂಹ; ನೀರಿನ ಲ್ಯಾಬ್‌ನಲ್ಲಿ ಹುಡುಕೋದೇ ಕರುಳಿನಿಂದ ಬಂದ ಬ್ಯಾಕ್ಟೀರಿಯಾವನ್ನ. 100 ಮಿ.ಲೀ. ನೀರನ್ನು 0.45 ಮೈಕ್ರಾನ್ ರಂಧ್ರದ ಫಿಲ್ಟರ್‌ನಲ್ಲಿ ಸೋಸಿ, ಆ ಫಿಲ್ಟರನ್ನು ಪೆಟ್ರಿ ತಟ್ಟೆಯಲ್ಲಿಟ್ಟು ಬೆಳೆಸಿದಾಗ ಇ. ಕೋಲಿಯ ಒಂದು ಚುಕ್ಕೆ ಕಂಡರೂ ಸಾಕು, ನೀರಿಗೆ ಮಲ ಸೇರಿರುವ ಸೂಚನೆ ಅದು.

ಆದರೆ ಇ. ಕೋಲಿ ದನ, ಹಕ್ಕಿಗಳ ಹೊಟ್ಟೆಯಲ್ಲೂ ಇರುತ್ತೆ. ಕೊಳೆ ಮನುಷ್ಯರದ್ದೇನಾ ಅಂತ ತಿಳಿಯೋಕೆ ಬ್ಯಾಕ್ಟೀರಾಯ್ಡಿಸ್ ಅನ್ನುವ ಗುಂಪನ್ನು ನೋಡುತ್ತಾರೆ. ಇವು ಗಾಳಿ ತಾಗದ ಕಡೆ ಬದುಕುವಂಥವು, ಮಾಮೂಲಿ ತಟ್ಟೆಯಲ್ಲಿ ಬೆಳೆಯಲ್ಲ. ಹಾಗಾಗಿ 16ಎಸ್ ಜೀನ್, ಅಂದ್ರೆ ಎಲ್ಲ ಬ್ಯಾಕ್ಟೀರಿಯಾದಲ್ಲೂ ಇರುವ ಗುರುತಿನ ಚೀಟಿಯಂಥ ಡಿಎನ್‌ಎ ಭಾಗವನ್ನು ನೋಡಬೇಕಾಗುತ್ತೆ. ಕರುಳಿನ ಸಂಶೋಧನೆಯಲ್ಲೂ ಬಳಸೋದು ಇದನ್ನೇ. ಉಲ್ಟಾ ದಾರಿಯೂ ಇದೆ: 2014ರಲ್ಲಿ ಮನುಷ್ಯರ ಮಲದ ಡಿಎನ್‌ಎ ಮಾಹಿತಿಯಲ್ಲಿ ಸಿಕ್ಕ ಕ್ರಾಸ್‌ಫೇಜ್ ಎಂಬ ವೈರಸ್ಸನ್ನು ಈಗ ನೀರಿನಲ್ಲಿ ಕೊಳಚೆ ಪತ್ತೆಮಾಡಲು ಬಳಸುತ್ತಾರೆ. ನನಗೆ ಇದು ತುಂಬಾ ಇಷ್ಟದ ಉದಾಹರಣೆ.

ಕಷ್ಟ ಇರೋದು ಪ್ರಶ್ನೆ ಬದಲಾಗೋದ್ರಲ್ಲಿ. ನೀರಿನಲ್ಲಿ ಇದೆಯಾ, ಇಲ್ವಾ ಅಂತ ಕೇಳಿದರೆ ಬಹುಪಾಲು ಕೆಲಸ ಮುಗೀತು. ಕರುಳಿನಲ್ಲಿ ನೂರಾರು ಜಾತಿಗಳು ಇದ್ದೇ ಇರುತ್ತವೆ, ಊಟ, ಔಷಧಿ, ವಯಸ್ಸಿಗೆ ತಕ್ಕಂತೆ ಬದಲಾಗುತ್ತವೆ, ಅವುಗಳಲ್ಲಿ ಕಾಯಿಲೆಗೆ ಕಾರಣ ಯಾವುದು, ಕಾಯಿಲೆಯಿಂದ ಆದ ಬದಲಾವಣೆ ಯಾವುದು ಅಂತ ಬಿಡಿಸಬೇಕು. ಅದಕ್ಕೆ ಮೊದಲು ಸಂಖ್ಯಾಶಾಸ್ತ್ರ ಕಲಿಯಿರಿ. ಪ್ರತಿ ಸಲ ಖಾಲಿ ಮಾದರಿಯನ್ನೂ ಜೊತೆಗಿಟ್ಟು ಪರೀಕ್ಷಿಸುವ ಅಭ್ಯಾಸ ಮಾತ್ರ ಬಿಡಬೇಡಿ, ಡಿಎನ್‌ಎ ತೆಗೆಯಲು ಬಳಸುವ ಕಿಟ್‌ನಲ್ಲೇ ಇರುವ ಬ್ಯಾಕ್ಟೀರಿಯಾ ಡಿಎನ್‌ಎ ಇಲ್ಲಿ ಎಷ್ಟೋ ಜನರ ಫಲಿತಾಂಶ ಕೆಡಿಸಿದೆ.