ಸಹಿ ಅವನದೇ, ದಿನ ಯಾವುದು?

ಪತ್ರ: ಮಗಳು ಬಿ.ಕಾಂ. ಮುಗಿಸಿದ್ದಾಳೆ. ಬ್ಯಾಂಕ್ ಪರೀಕ್ಷೆ ಕಟ್ಟು ಅಂದರೆ ಕೇಳುತ್ತಿಲ್ಲ. ಲಾ ಓದಿ, ಹಣಕಾಸು ವಂಚನೆ ಕೇಸುಗಳಲ್ಲಿ ಆರೋಪಿಗಳ ಪರ ವಾದಿಸುತ್ತಾಳಂತೆ. ಊರ ದುಡ್ಡು ನುಂಗಿದವರ ಪರ ನಿಲ್ಲುವುದೂ ಒಂದು ಕಸುಬೇ? ಅದರಲ್ಲಿ ಹೊಟ್ಟೆ ತುಂಬುತ್ತದೆಯೇ? – ಒಬ್ಬ ತಂದೆ, ಮಂಡ್ಯ

ಸಂಪಾದಕರ ಉತ್ತರ: ನಿಮ್ಮನ್ನು ನಿದ್ದೆಗೆಡಿಸಿರುವುದು ಎರಡನೆಯ ಪ್ರಶ್ನೆ ಎಂದು ನನ್ನ ಗುಮಾನಿ. ಇರಲಿ, ಮೊದಲನೆಯದನ್ನೇ ಹಿಡಿಯೋಣ.

ವರದಿಗಾರನಾಗಿದ್ದಾಗ ಒಂದು ಸಂಜೆ ಮೈಸೂರಿನ ಹಿರಿಯ ವಕೀಲರೊಬ್ಬರ ಆಫೀಸಿನಲ್ಲಿ ಕೂತಿದ್ದೆ. ಸಹಕಾರ ಸಂಘವೊಂದರ ಗುಮಾಸ್ತನ ಮೇಲೆ ಹಣ ದುರುಪಯೋಗದ ಕೇಸು. ವಕೀಲರು ನಗದು ಪುಸ್ತಕದ ಮೇಲೆ ಮರದ ಸ್ಕೇಲಿಟ್ಟು ಸಾಲು ಸಾಲಾಗಿ ಕೆಳಗಿಳಿಸುತ್ತಿದ್ದರು. ಪಕ್ಕದಲ್ಲಿ ಓಚರುಗಳ ಕಟ್ಟು, ಅದರಾಚೆ ಹಾಜರಿ ಪುಸ್ತಕ. ಒಂದು ಕಡೆ ಸ್ಕೇಲು ನಿಂತಿತು. ದುಡ್ಡು ಹೋದ ದಿನ ಗುಮಾಸ್ತ ರಜೆಯಲ್ಲಿದ್ದ. ಓಚರಿನಲ್ಲಿ ಮಾತ್ರ ಅವನ ಸಹಿ. ‘ಸಹಿ ಇವನದೇ ಕಣ್ರೀ. ಹಾಕಿಸಿಕೊಂಡದ್ದು ಯಾವತ್ತು?’ ಅಂದರು. ಸಂಘದಲ್ಲಿ ಯಾರೋ ಖಾಲಿ ಓಚರುಗಳಿಗೆ ಮೊದಲೇ ಅವನ ರುಜು ಪಡೆದಿಟ್ಟುಕೊಂಡಿದ್ದರು. ತಿಂದವರು ಬೇರೆ, ಕಟಕಟೆ ಹತ್ತಿದವನು ಬೇರೆ.

ಎಲ್ಲರೂ ಆ ಗುಮಾಸ್ತನಂಥವರೇ ಎನ್ನಲಾರೆ. ನುಂಗಿ ನೀರು ಕುಡಿದವರೂ ಬರುತ್ತಾರೆ. ಬಂಧಿತರು ತಮಗೆ ಬೇಕಾದ ವಕೀಲರನ್ನು ಕಾಣಬಹುದು ಎನ್ನುವ ಸಂವಿಧಾನದ 22ನೇ ವಿಧಿ, ಒಳ್ಳೆಯವರಿಗೆ ಮಾತ್ರ ಎಂದು ಷರಾ ಬರೆದಿಲ್ಲ.

ಲೆಕ್ಕ ಓದಿದ ಮಗಳಿಗೆ ಇಲ್ಲಿ ಅನುಕೂಲವಿದೆ, ಕಷ್ಟವೂ ಇದೆ. ಕಷ್ಟಕ್ಕೆ, ಲಂಚ ಪಡೆಯುವವನನ್ನು ಬಲೆ ಬೀಸಿ ಹಿಡಿಯುವ ಟ್ರ್ಯಾಪ್ ಕೇಸನ್ನೇ ನೋಡಿ. ನೋಟಿಗೆ ಬಳಿದ ಫಿನಾಫ್ತಲೀನ್ ಪುಡಿ ಅಂಟಿದ ಕೈಯನ್ನು ವಾಷಿಂಗ್ ಸೋಡಾ ಕರಗಿಸಿದ ನೀರಿಗೆ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಷ್ಟರಿಂದಲೇ ಶಿಕ್ಷೆಯಾಗುವುದಿಲ್ಲ, ಲಂಚ ಕೇಳಿದ್ದೂ ಸಾಬೀತಾಗಬೇಕು. ದೂರು ಕೊಟ್ಟವನೇ ಉಲ್ಟಾ ಹೊಡೆದರೂ ಸಾಂದರ್ಭಿಕ ಸಾಕ್ಷ್ಯದಿಂದ ಅದನ್ನು ಸಾಬೀತು ಮಾಡಬಹುದು ಎಂದು 2022ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿತು. ಅದೇ ವರ್ಷ ಸುಪ್ರೀಂ ಕೋರ್ಟಿನ ಇನ್ನೊಂದು ಪೀಠ ಅಕ್ರಮ ಹಣ ವರ್ಗಾವಣೆ ಕಾಯ್ದೆಯ ಬಿಗಿ ಜಾಮೀನು ಷರತ್ತುಗಳನ್ನೂ ಎತ್ತಿಹಿಡಿಯಿತು: ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ ಎಂದು ಸಾಮಾನ್ಯವಾಗಿ ಜಾಮೀನಿನ ಹಂತದಲ್ಲೇ ಜಡ್ಜಿಗೆ ಮನವರಿಕೆಯಾಗಬೇಕು. ಜೊತೆಗೆ 2024ರ ಜುಲೈ 1ರಿಂದ ದಂಡ ಸಂಹಿತೆಯೇ ಬದಲಾಗಿ, ವಂಚನೆಯ ಸೆಕ್ಷನ್ 420 ಈಗ 318(4). ಊರಲ್ಲಿ ಮಾತ್ರ ಇನ್ನೂ ‘ಫೋರ್‌ಟ್ವೆಂಟಿ’ ಅಂತಲೇ ಬೈಯುತ್ತಾರೆ!

ಇನ್ನು ಹೊಟ್ಟೆಪಾಡು. ಮಂಡ್ಯದ ಪಿಇಎಸ್ ಅಥವಾ ಮೈಸೂರಿನ ಶಾರದಾ ವಿಲಾಸ ಲಾ ಕಾಲೇಜಿನಲ್ಲಿ ಮೂರು ವರ್ಷ ಓದಲಿ. ಸನದಿಗೆ, ಅಂದರೆ ವಕೀಲಿ ಪರವಾನಗಿಗೆ, ಸಾಮಾನ್ಯ ವರ್ಗದವರಿಂದ 750 ರೂಪಾಯಿಗಿಂತ ಹೆಚ್ಚು ನೋಂದಣಿ ಶುಲ್ಕ ಕೇಳುವಂತಿಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆಮೇಲೆ ನೇರ ಬೆಂಗಳೂರಿಗೆ ಓಡುವುದು ಬೇಡ. ಇಲ್ಲೇ ಕ್ರಿಮಿನಲ್ ಕೇಸು ನಡೆಸುವ ಸೀನಿಯರ್ ಒಬ್ಬರ ಬಳಿ ಸೇರಲಿ, ಪಾಟೀಸವಾಲು ಕಿವಿಗೆ ಬೀಳಲಿ. ಆರಂಭದಲ್ಲಿ ಅಡುಗೆಮನೆ ನಡೆಸುವುದು 138ನೇ ಸೆಕ್ಷನ್ನಿನ ಚೆಕ್ ಬೌನ್ಸ್ ಕೇಸುಗಳೇ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ಶಿಫಾರಸು ಅಷ್ಟೇ, ಅದನ್ನು ನಂಬಿ ಸಾಲ ಮಾಡಬೇಡಿ. ಬಸ್ಸಿಗೆ ಹೇಗೂ ಶಕ್ತಿ ಯೋಜನೆ ಇದೆ. ಎರಡು ಮೂರು ವರ್ಷ ಊಟ, ಕರಿ ಕೋಟು, ಪುಸ್ತಕದ ಖರ್ಚು ಮಾತ್ರ ನಿಮ್ಮ ತಲೆಗೆ.